ಕಿತ್ತಳೆ ಹಣ್ಣಿನ ಸೂರ್ಯ

ನನ್ನ ಹತ್ತಿರ ಒಂದು ಹಳೇ ಪುಸ್ತಕ ಇದೆ. ರಟ್ಟು ಹರಿದಿದೆ. ಬೆನ್ನಿಗೆ ಅಂಟಿಸಿದ ಕ್ಯಾಲೆಂಡರ್ ಹಾಳೆ ಹಳದಿಯಾಗಿದೆ. ಮೊದಲ ಪುಟದ ಮೂಲೆಯಲ್ಲಿ ಪೆನ್ಸಿಲಿನಲ್ಲಿ 'ರೂ. 5' ಅಂತ ಬರೆದದ್ದು ಈಗಲೂ ಕಾಣುತ್ತದೆ. ಬಾಂಬೆಯ ಫ್ಲೋರಾ ಫೌಂಟನ್ ಬಳಿಯ ಫುಟ್‌ಪಾತಿನಲ್ಲಿ ನನ್ನ ಸೋದರಮಾವ ಕೊಂಡದ್ದು. ಮಾವ ಚಿಕ್ಕ ವಯಸ್ಸಿನಲ್ಲೇ ಊರು ಬಿಟ್ಟವರು. ಹಗಲು ಫೋರ್ಟಿನ ಹೋಟೆಲಿನಲ್ಲಿ ಕೆಲಸ, ರಾತ್ರಿ ಕನ್ನಡ ನೈಟ್ ಸ್ಕೂಲು. ಇಂಗ್ಲಿಷನ್ನು ಅವರು ಹೆಚ್ಚಿನಂಶ ಕಲಿತದ್ದೇ ಫುಟ್‌ಪಾತಿನ ಪುಸ್ತಕಗಳಿಂದ. 1986ರ ಮೇ ತಿಂಗಳಲ್ಲಿ ಉಡುಪಿ ಬದಿಯ ನಮ್ಮ ಪಡುಕೆರೆಗೆ ಬಂದಾಗ ಟ್ರಂಕಿನಿಂದ ಇದನ್ನು ತೆಗೆದು ನನ್ನ ಕೈಗಿಟ್ಟರು. "ಇದನ್ನು ಓದು ಮಗಾ. ಆಮೇಲೆ ರಾತ್ರಿ ಅಂಗಳದಲ್ಲಿ ನಿಂತು ಮೇಲೆ ನೋಡು" ಅಂದರು. ನಾನು ಆಗ ತಾನೇ ಎಸ್ಸೆಸ್ಸೆಲ್ಸಿ ಬರೆದು ಕೂತಿದ್ದೆ.

ಪುಸ್ತಕದ ಹೆಸರು 'ರೆಡ್ ಜಯಂಟ್ಸ್ ಅಂಡ್ ವೈಟ್ ಡ್ವಾರ್ಫ್ಸ್'. ಕೆಂಪು ದೈತ್ಯರು, ಬಿಳಿ ಕುಬ್ಜರು. ಅಂದರೆ ಮುಪ್ಪಿನಲ್ಲಿ ಉಬ್ಬಿದ ನಕ್ಷತ್ರಗಳು, ಉರಿದು ಮುಗಿದು ಕುಗ್ಗಿದ ನಕ್ಷತ್ರಗಳು. ಬರೆದವರು ಅಮೆರಿಕದ ವಿಜ್ಞಾನಿ ರಾಬರ್ಟ್ ಜಾಸ್ಟ್ರೋ, 1967ರಲ್ಲಿ. ಅಲ್ಲಿಯವರೆಗೆ ನಾನು ಓದಿದ ವಿಜ್ಞಾನ ಅಂದರೆ ಪಾಠಪುಸ್ತಕ, ಮತ್ತೆ ಶಾಲೆಯ ಕಪಾಟಿನಲ್ಲಿದ್ದ ಶಿವರಾಮ ಕಾರಂತರ 'ವಿಜ್ಞಾನ ಪ್ರಪಂಚ'. ಇಂಗ್ಲಿಷಿನಲ್ಲಿ ಇಡೀ ಪುಸ್ತಕ ಓದಿದ್ದು ಅದೇ ಮೊದಲು. ಪ್ರತಿ ಪುಟದ ಅಂಚಿನಲ್ಲೂ ಕನ್ನಡದಲ್ಲಿ ಅರ್ಥ ಬರೆದುಕೊಂಡಿದ್ದೇನೆ. 'ಕೊಲ್ಯಾಪ್ಸ್' ಅನ್ನುವಲ್ಲಿ 'ತನ್ನ ಭಾರಕ್ಕೆ ತಾನೇ ಕುಸಿಯುವುದು' ಅಂತ ಇದೆ. ಆ ಅರ್ಥ ಹೇಳಿಕೊಟ್ಟದ್ದೂ ಮಾವನೇ.

ಅದರಲ್ಲಿ ಒಂದು ಲೆಕ್ಕ ಬರುತ್ತದೆ. ಸೂರ್ಯ ಒಂದು ಕಿತ್ತಳೆ ಹಣ್ಣಿನಷ್ಟು ಅಂದುಕೊಳ್ಳಿ, ಆಗ ಭೂಮಿ ಒಂದು ಮರಳಿನ ಕಾಳು. ಓದಿ ಸುಮ್ನೆ ಕೂರಲು ಆಗಲಿಲ್ಲ. ಅಡುಗೆಮನೆಯಿಂದ ಒಂದು ಕಿತ್ತಳೆ ತಂದು ತುಳಸಿಕಟ್ಟೆಯ ಮೇಲೆ ಇಟ್ಟೆ. ಅಡ್ಡಳತೆ ಏಳೂವರೆ ಸೆಂಟಿಮೀಟರ್. ಹಾಗಾದರೆ ಭೂಮಿ 8 ಮೀಟರ್ ದೂರದಲ್ಲಿ, ನಮ್ಮ ಬಾವಿಕಟ್ಟೆಯ ಹತ್ತಿರ, ಒಂದು ದಪ್ಪ ಹೊಯ್ಗೆ ಕಾಳು. ಗುರುಗ್ರಹಕ್ಕೆ ಪುಸ್ತಕದಲ್ಲಿ ಚೆರ್ರಿ ಬೀಜ ಅಂತ ಇತ್ತು. ನಮ್ಮಲ್ಲಿ ಚೆರ್ರಿ ಬೀಜ ಕಂಡವರು ಯಾರು? ನಾನು ಕಡಲೆಕಾಳು ತೆಗೆದುಕೊಂಡೆ. 42 ಮೀಟರ್ ಅಳೆಯುತ್ತಾ ಪಡುಬದಿಗೆ ಹೋದರೆ ಬೇಲಿ ದಾಟಿ, ತೆಂಗಿನ ಸಾಲು ದಾಟಿ, ಕಡಲ ದಂಡೆಯ ಹೊಯ್ಗೆಗೇ ಬಂದೆ. ಅಲ್ಲಿ ಒಂದು ತೆಂಗಿನ ಚಿಪ್ಪು ಕವುಚಿ ಅದರ ಮೇಲೆ ಕಡಲೆ ಇಟ್ಟೆ. ಪ್ಲೂಟೋ ಇಡಲು ಜಾಗವೇ ಸಾಲಲಿಲ್ಲ. ಪಡುವಿಗೆ ಹೋದರೆ ಸಮುದ್ರ, ಮೂಡುಬದಿಗೆ ಹೋದರೆ ಹೊಳೆ. ಪಡುಕೆರೆ ನೋಡಿದವರಿಗೆ ಗೊತ್ತು, ಅದು ಕಡಲಿಗೂ ಹೊಳೆಗೂ ನಡುವಿನ ಒಂದು ಸಪೂರ ಪಟ್ಟಿ.

ಆಮೇಲೆ ಹತ್ತಿರದ ಇನ್ನೊಂದು ನಕ್ಷತ್ರ. ಅಂದರೆ ಮುಂದಿನ ಕಿತ್ತಳೆ. ಲೆಕ್ಕ ಹಾಕಿದರೆ 2100 ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ ಬಂತು. ಅಟ್ಲಾಸ್ ಬಿಡಿಸಿ ಸ್ಕೇಲಿಟ್ಟು ನೋಡಿದೆ. ಉಡುಪಿಯಿಂದ ನೇರ ಬಡಗಿಗೆ ಗೆರೆ ಎಳೆದರೆ ಅಷ್ಟು ದೂರದಲ್ಲಿ ಸಿಗುವುದು ಜಮ್ಮು. ಪಡುಕೆರೆಯಲ್ಲಿ ಒಂದು ಕಿತ್ತಳೆ, ಜಮ್ಮುವಿನಲ್ಲಿ ಇನ್ನೊಂದು, ನಡುವೆ ಖಾಲಿ. ಆ ರಾತ್ರಿ ಅಂಗಳದಲ್ಲಿ ನಿಂತಾಗ ನನಗೆ ನಿಜವಾಗಿ ತಲೆ ತಿರುಗಿತು. ನಾನು ವಿಜ್ಞಾನ ಟೀಚರ್ ಆದದ್ದು ಅವತ್ತು ಅಂತಲೇ ಹೇಳಬೇಕು. ಬಿ.ಎಸ್ಸಿ., ಬಿ.ಎಡ್. ಎಲ್ಲ ಆಮೇಲೆ.

ನಂತರ ಜಾಸ್ಟ್ರೋ ಅವರ ಬೇರೆ ಪುಸ್ತಕಗಳನ್ನೂ ಹುಡುಕಿ ಓದಿದೆ. 1977ರ 'ಅಂಟಿಲ್ ದ ಸನ್ ಡೈಸ್', ಮಿದುಳು ಮತ್ತು ಕಂಪ್ಯೂಟರ್ ಬಗ್ಗೆ 1981ರಲ್ಲಿ ಬಂದ 'ದ ಎನ್‌ಚಾಂಟೆಡ್ ಲೂಮ್'. ಅವರ ಬರವಣಿಗೆಯ ಗುಣ ಏನೆಂದರೆ, ಕಷ್ಟದ ಮಾತನ್ನು ಕಷ್ಟ ಅಂತ ಗೊತ್ತಾಗದ ಹಾಗೆ ದಾಟಿಸಿಬಿಡುತ್ತಾರೆ. ನಕ್ಷತ್ರ ಯಾಕೆ ಉರಿಯುತ್ತದೆ, ಉರಿದು ಮುಗಿದ ಮೇಲೆ ಏನಾಗುತ್ತದೆ, ಅದರ ಬೂದಿಯಿಂದ ನಮ್ಮ ಮೂಳೆಯ ಸುಣ್ಣ ಹೇಗೆ ಬಂತು. ಇವೆಲ್ಲ ಅಜ್ಜಿ ಕಥೆ ಹೇಳಿದಷ್ಟು ಸಲೀಸು. ನನ್ನ ಪಾಠದ ಅರ್ಧ ಉದಾಹರಣೆಗಳು ಇವತ್ತಿಗೂ ಅವರದ್ದೇ.

ಕಳೆದ ವರ್ಷ ಜೂನಿನಲ್ಲಿ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಪಾಠ ಮುಗಿದ ಮೇಲೆ ಸ್ಟಾಫ್ ರೂಮಿಗೆ ಬಂದಳು. ಅವಳ ಅಣ್ಣನಿಗೆ ಬಂದ ವಾಟ್ಸಾಪ್ ಸಂದೇಶವನ್ನು ಕಾಗದದಲ್ಲಿ ಬರೆದುಕೊಂಡು ತಂದಿದ್ದಳು.

"ಟೀಚರ್, ಭೂಮಿ ಬಿಸಿ ಆಗ್ತಿರುವುದು ಸೂರ್ಯನಿಂದ ಅಂತೆ. ನಾಸಾದ ದೊಡ್ಡ ವಿಜ್ಞಾನಿಯೇ ಹೇಳಿದ್ದಾರಂತೆ. ಮತ್ತೆ ನಮ್ಮ ಪಾಠದಲ್ಲಿ ಯಾಕೆ ಬೇರೆ ಉಂಟು?"

"ಯಾರು ಆ ವಿಜ್ಞಾನಿ?"

ಕಾಗದ ನೋಡಿ ಓದಿದಳು. ರಾಬರ್ಟ್ ಜಾಸ್ಟ್ರೋ.

ಮನೆಯವರ ಬಗ್ಗೆ ಹೊರಗಿನವರ ಬಾಯಿಂದ ಏನೋ ಕೇಳಿದ ಹಾಗಾಯಿತು. ನಾಳೆ ಹೇಳುತ್ತೇನೆ ಅಂತ ಅವಳನ್ನು ಕಳಿಸಿದೆ. ಆ ನಾಳೆ ಬರಲು ಎರಡು ತಿಂಗಳು ಹಿಡಿಯಿತು. ಅಷ್ಟು ದಿನ ರಾತ್ರಿ ಕೂತು ಓದಿದೆ. ನಲವತ್ತು ವರ್ಷ ಅವರ ಪುಸ್ತಕ ಓದಿದವಳು, ಅವರ ಬದುಕಿನ ಈ ಭಾಗ ಓದಿದ್ದು ಆಗಲೇ.

ಜಾಸ್ಟ್ರೋ ಸಣ್ಣ ಮನುಷ್ಯರಲ್ಲ. 1961ರಲ್ಲಿ ನ್ಯೂಯಾರ್ಕಿನಲ್ಲಿ ನಾಸಾದ ಗಾಡರ್ಡ್ ಬಾಹ್ಯಾಕಾಶ ಅಧ್ಯಯನ ಸಂಸ್ಥೆಯನ್ನು ಶುರು ಮಾಡಿದವರೇ ಅವರು. 20 ವರ್ಷ ಅದರ ನಿರ್ದೇಶಕರು. ನಮ್ಮ ಉಡುಪಿಯವರಿಗೆ ಇಷ್ಟವಾಗುವ ಒಂದು ಸಂಗತಿ: ಆ ಸಂಸ್ಥೆ ದಶಕಗಟ್ಟಲೆ ಇದ್ದದ್ದು ಬ್ರಾಡ್‌ವೇ ರಸ್ತೆಯ ಒಂದು ಕಟ್ಟಡದಲ್ಲಿ, ಕೆಳಗೆ ಹೋಟೆಲು, ಮೇಲೆ ಗ್ರಹಗಳ ಲೆಕ್ಕ. ಶುಕ್ರ ಗ್ರಹದ ವಾತಾವರಣದ ಬಗ್ಗೆ 1969ರಲ್ಲಿ ಬಂದ ಒಂದು ಗ್ರಂಥವನ್ನು ಅವರು ರಸೂಲ್ ಎಂಬ ವಿಜ್ಞಾನಿಯ ಜೊತೆ ಸೇರಿ ಸಂಪಾದಿಸಿದ್ದಾರೆ. ಕಾರ್ಬನ್ ಡೈಆಕ್ಸೈಡ್ ದಟ್ಟವಾಗಿ ತುಂಬಿದರೆ ಒಂದು ಗ್ರಹ ಹೇಗೆ ಕಾದ ಕುಲುಮೆಯಾಗುತ್ತದೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿದ್ದ ವಿಷಯ.

1981ರಲ್ಲಿ ಅವರ ಜಾಗಕ್ಕೆ ಜೇಮ್ಸ್ ಹ್ಯಾನ್ಸನ್ ಬಂದರು. 1988ರ ಜೂನ್ 23ರಂದು ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಕೂತು, ಭೂಮಿ ಬಿಸಿಯಾಗುತ್ತಿದೆ, ಇದು ಸಹಜ ಏರಿಳಿತ ಅಲ್ಲ ಅಂತ ಹೇಳಿದ ಹ್ಯಾನ್ಸನ್ ಅವರೇ. ಅಷ್ಟರೊಳಗೆ ಜಾಸ್ಟ್ರೋ ಬೇರೆ ದಾರಿ ಹಿಡಿದಿದ್ದರು. 1984ರಲ್ಲಿ ಫ್ರೆಡರಿಕ್ ಸೈಟ್ಜ್, ವಿಲಿಯಂ ನೀರೆನ್‌ಬರ್ಗ್ ಎಂಬ ಇನ್ನಿಬ್ಬರು ಹೆಸರಾಂತ ಭೌತವಿಜ್ಞಾನಿಗಳ ಜೊತೆ ಜಾರ್ಜ್ ಮಾರ್ಷಲ್ ಇನ್‌ಸ್ಟಿಟ್ಯೂಟ್ ಕಟ್ಟಿದರು. ಮೊದಲು ಅದರ ಕೆಲಸ ಆಗಿನ ಅಮೆರಿಕ ಅಧ್ಯಕ್ಷ ರೇಗನ್ ಅವರ ಕ್ಷಿಪಣಿ ತಡೆ ಯೋಜನೆಯನ್ನು ಸಮರ್ಥಿಸುವುದಾಗಿತ್ತು. 1989ರಲ್ಲಿ ಮೂವರೂ ಸೇರಿ ಭೂಮಿಯ ತಾಪಮಾನದ ಬಗ್ಗೆ ಒಂದು ವರದಿ ಬರೆದರು. ಬಿಸಿಗೆ ಮುಖ್ಯ ಕಾರಣ ಸೂರ್ಯ, ಕಾರ್ಬನ್ ಡೈಆಕ್ಸೈಡ್ ಅಲ್ಲ ಅಂತ ಅದರ ವಾದ.

ವಾದ ಹೀಗೆ. 1940ರ ತನಕ ಭೂಮಿ ಬಿಸಿಯಾಯಿತು. ಆಮೇಲೆ 1970ರ ದಶಕದವರೆಗೆ ಸ್ವಲ್ಪ ತಣ್ಣಗಾಯಿತು. ಆದರೆ ಕಾರ್ಬನ್ ಡೈಆಕ್ಸೈಡ್ ಏರಿದ್ದು ಜಾಸ್ತಿ 1940ರ ನಂತರ. ಹಾಗಾದರೆ ಲೆಕ್ಕ ತಾಳೆಯಾಗುವುದಿಲ್ಲ, ಅಲ್ವಾ? ಕೇಳಿದರೆ ಯಾರಿಗಾದರೂ ಹೌದು ಅನ್ನಿಸುತ್ತದೆ. ನನಗೂ ಒಂದು ವಾರ ಹಾಗೇ ಅನ್ನಿಸಿತು. ಅನ್ನಿಸಬೇಕು ಅನ್ನುವ ಆಸೆಯೂ ಇತ್ತು.

ಆದರೆ ಆ ಪ್ರಶ್ನೆಗೆ ಹ್ಯಾನ್ಸನ್ ತಂಡ 1981ರಲ್ಲೇ ಉತ್ತರ ಕೊಟ್ಟಿತ್ತು. 'ಸೈನ್ಸ್' ಪತ್ರಿಕೆಯ ಲೇಖನದಲ್ಲಿ ಅವರು ಒಂದು ಚಿತ್ರ ಹಾಕಿದ್ದರು. ಕಾರ್ಬನ್ ಡೈಆಕ್ಸೈಡ್ ಒಂದನ್ನೇ ಲೆಕ್ಕಕ್ಕೆ ಹಿಡಿದರೆ ಗೆರೆ ಹೇಗೆ ಬರುತ್ತದೆ, ಜ್ವಾಲಾಮುಖಿಯ ದೂಳು ಸೇರಿಸಿದರೆ ಹೇಗೆ, ಸೂರ್ಯನನ್ನೂ ಸೇರಿಸಿದರೆ ಹೇಗೆ. ಎಲ್ಲ ಸೇರಿಸಿದಾಗ ಗೆರೆ ಚೆನ್ನಾಗಿ ಕೂಡುತ್ತದೆ. ಮಾರ್ಷಲ್ ವರದಿಯಲ್ಲಿ ಬಂದದ್ದು ಆ ಚಿತ್ರದ ಮೇಲಿನ ತುಂಡು ಮಾತ್ರ, ಕಾರ್ಬನ್ ಡೈಆಕ್ಸೈಡ್ ಒಂದೇ ಇರುವ ತುಂಡು. ಅದೊಂದನ್ನೇ ನೋಡಿದರೆ ಯಾರಿಗೂ ಕೂಡುವುದಿಲ್ಲ ಅನ್ನಿಸುತ್ತದೆ. ಇದನ್ನು ವಿಜ್ಞಾನದ ಇತಿಹಾಸಕಾರರಾದ ನಯೋಮಿ ಒರೆಸ್ಕೆಸ್ ಮತ್ತು ಎರಿಕ್ ಕಾನ್ವೇ ತಮ್ಮ 2010ರ ಪುಸ್ತಕದಲ್ಲಿ ಬಿಡಿಸಿ ತೋರಿಸಿದ್ದಾರೆ. ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಭಿಪ್ರಾಯ ತಪ್ಪಾಗುವುದು ಬೇರೆ. ಮೂರು ತುಂಡಿನ ಚಿತ್ರದಲ್ಲಿ ಒಂದನ್ನು ಮಾತ್ರ ತೋರಿಸುವುದು ಬೇರೆ. ನನ್ನ ಕ್ಲಾಸಿನ ಮಕ್ಕಳು ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಹಾಗೆ ಮಾಡಿದರೆ ನಾನು ಸಹಿ ಹಾಕುವುದಿಲ್ಲ.

ನಡುವಿನ ಆ ತಂಪಿಗೆ ಇನ್ನೊಂದು ಕಾರಣವೂ ಗಟ್ಟಿಯಾಗಿದೆ. ಎರಡನೇ ಮಹಾಯುದ್ಧದ ನಂತರ ಕಾರ್ಖಾನೆಗಳು ಸುಟ್ಟ ಕಲ್ಲಿದ್ದಲಿನ ಗಂಧಕದ ಹೊಗೆ ಬಿಸಿಲನ್ನು ತಡೆದಿತ್ತು. ಅಂಥ ಕಣಗಳು ಭೂಮಿಯನ್ನು ತಂಪು ಮಾಡುತ್ತವೆ ಅನ್ನುವುದಕ್ಕೆ 1991ರಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಜ್ವಾಲಾಮುಖಿ ಸಿಡಿದಾಗ ಕಣ್ಣೆದುರಿಗೇ ಪರೀಕ್ಷೆ ನಡೆಯಿತು. ಸುಮಾರು ಅರ್ಧ ಡಿಗ್ರಿ ಇಳಿಯುತ್ತದೆ ಅಂತ ಹ್ಯಾನ್ಸನ್ ತಂಡ ಮೊದಲೇ ಹೇಳಿತ್ತು. ಹೆಚ್ಚುಕಮ್ಮಿ ಅಷ್ಟೇ ಇಳಿಯಿತು.

ಇನ್ನು ಸೂರ್ಯ. ಇದನ್ನು ಹುಡುಗಿಗೆ ಹೇಗೆ ಹೇಳುವುದು ಅಂತ ತುಂಬ ಯೋಚಿಸಿದೆ. ಕೊನೆಗೆ ಕಂಬಳಿಯಿಂದಲೇ ಶುರು ಮಾಡಿದೆ. ಕಾರ್ಬನ್ ಡೈಆಕ್ಸೈಡ್ ಭೂಮಿಗೆ ಹೊದೆಸಿದ ಕಂಬಳಿಯ ಹಾಗೆ. ಬಿಸಿಲು ಜೋರಾದರೆ ಕಂಬಳಿಯ ಹೊರಗೂ ಬಿಸಿ, ಒಳಗೂ ಬಿಸಿ. ಬಿಸಿಲು ಇದ್ದಷ್ಟೇ ಇದ್ದು ಕಂಬಳಿ ದಪ್ಪವಾದರೆ ಒಳಗೆ ಬೆಚ್ಚಗೆ, ಹೊರಮೈ ಮುಟ್ಟಿದರೆ ತಣ್ಣಗೆ. ಭೂಮಿಯಲ್ಲೂ ಇದನ್ನು ನೋಡಬಹುದು. ನಾವಿರುವ ಗಾಳಿಯ ಪದರದ ಮೇಲೆ ಸಮೋಷ್ಣ ಮಂಡಲ ಅಂತ ಪಾಠದಲ್ಲಿ ಬರುತ್ತದಲ್ಲ, ಅದರ ಉಷ್ಣತೆ ಅಳೆದರೆ ಸಾಕು. ಬಿಸಿಗೆ ಸೂರ್ಯ ಕಾರಣವಾದರೆ ಅದೂ ಬಿಸಿಯಾಗಬೇಕು. ಕಾರ್ಬನ್ ಡೈಆಕ್ಸೈಡ್ ಕಾರಣವಾದರೆ ಅದು ತಣ್ಣಗಾಗಬೇಕು. ಹೀಗಂತ ಲೆಕ್ಕ ಹಾಕಿ ತೋರಿಸಿದವರು ಹವಾಮಾನ ವಿಜ್ಞಾನಿಗಳಾದ ಮನಾಬೆ ಮತ್ತು ವೆದರಾಲ್ಡ್. ಆ ಲೇಖನ ಬಂದದ್ದು 1967ರಲ್ಲಿ, ನನ್ನ ಕೆಂಪು ದೈತ್ಯರ ಪುಸ್ತಕ ಬಂದ ವರ್ಷವೇ. ಅಳೆದು ನೋಡಿದಾಗ ಮೇಲಿನ ಪದರ ತಣ್ಣಗಾಗಿತ್ತು. ಮನಾಬೆ ಅವರಿಗೆ 2021ರಲ್ಲಿ ನೊಬೆಲ್ ಬಂತು.

ಜಾಸ್ಟ್ರೋ ಸುಮ್ಮನೆ ಬಾಯಿಮಾತು ಆಡಿದರು ಅಂತಲೂ ಹೇಳಲಾರೆ. ಸೂರ್ಯನಂಥ ಬೇರೆ ನಕ್ಷತ್ರಗಳ ಹೊಳಪು ಏರಿಳಿಯುತ್ತದೆಯೇ ಅಂತ ನೋಡಿ, 1990ರಲ್ಲಿ ಖಗೋಳವಿಜ್ಞಾನಿ ಸ್ಯಾಲಿ ಬಲ್ಯೂನಸ್ ಜೊತೆ 'ನೇಚರ್' ಪತ್ರಿಕೆಯಲ್ಲಿ ಬರೆದರು. 1992ರಲ್ಲಿ ಮೌಂಟ್ ವಿಲ್ಸನ್ ವೀಕ್ಷಣಾಲಯದ ನಿರ್ದೇಶಕರೂ ಆದರು. ಅದು ವಿಜ್ಞಾನದ ದಾರಿಯೇ. ಆದರೆ ನಮ್ಮ ಸೂರ್ಯನನ್ನು ಉಪಗ್ರಹಗಳು 1978ರಿಂದ ಅಳೆಯುತ್ತಾ ಬಂದಿವೆ. 11 ವರ್ಷದ ಒಂದು ಸುತ್ತಿನಲ್ಲಿ ಅದರ ಬೆಳಕು ಏರಿಳಿಯುವುದು ಸಾವಿರದಲ್ಲಿ ಒಂದು ಪಾಲು. ಒಟ್ಟಾರೆ ಏರಿಕೆ ಇಲ್ಲ.

ಹೀಗೆ ಬೇರೆ ದಾರಿ ಹಿಡಿದ ದೊಡ್ಡ ವಿಜ್ಞಾನಿ ಅವರೊಬ್ಬರೇ ಅಲ್ಲ. ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ 1981ರಲ್ಲಿ ಹಿಮಯುಗ ಬರುತ್ತದೆ ಅಂತ ಹೆದರಿ ಪುಸ್ತಕ ಬರೆದರು. ಭೌತವಿಜ್ಞಾನಿ ಫ್ರೀಮನ್ ಡೈಸನ್‌ಗೆ ಹವಾಮಾನದ ಕಂಪ್ಯೂಟರ್ ಲೆಕ್ಕಗಳ ಮೇಲೆ ನಂಬಿಕೆ ಇರಲಿಲ್ಲ. ಇಬ್ಬರೂ ಸೊಗಸಾಗಿ ಬರೆದವರು.

ಆದರೆ ನನಗೆ ಹತ್ತಿರದವರು ಬೇರೆಯೇ ಒಬ್ಬರು. ಉಡುಪಿಯಿಂದ ಮಂಗಳೂರಿಗೆ ಹೋಗುವಾಗ ಎರ್ಮಾಳಿನಿಂದ ಒಳಗೆ ಹೋದರೆ ಅದಮಾರು. 1932ರಲ್ಲಿ ಅಲ್ಲಿ ಹುಟ್ಟಿದವರು ಯು.ಆರ್. ರಾವ್. ಉಡುಪಿಯಲ್ಲೇ ಹೈಸ್ಕೂಲು ಓದಿದವರು. 1975ರಲ್ಲಿ ಹಾರಿದ ಆರ್ಯಭಟ ಉಪಗ್ರಹವನ್ನು ಕಟ್ಟಿದ ತಂಡದ ಮುಂದಾಳು, ಆಮೇಲೆ ಇಸ್ರೋ ಅಧ್ಯಕ್ಷರು. ಅವರ ಜೀವಮಾನದ ವಿಷಯ ಕಾಸ್ಮಿಕ್ ಕಿರಣ, ಅಂದರೆ ಬಾಹ್ಯಾಕಾಶದಿಂದ ಭೂಮಿಗೆ ಬಂದು ಬಡಿಯುವ ಕಣಗಳು. 2011ರ ಜನವರಿಯಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಅವರು ಒಂದು ಲೇಖನ ಬರೆದರು. ಕಾಸ್ಮಿಕ್ ಕಿರಣ ಕಡಿಮೆಯಾದರೆ ಕೆಳಮಟ್ಟದ ಮೋಡ ಕಡಿಮೆಯಾಗುತ್ತದೆ, ಬಿಸಿಲು ಜಾಸ್ತಿ ಬೀಳುತ್ತದೆ. ತಾಪಮಾನ ಏರಿಕೆಯಲ್ಲಿ ಇದರ ಪಾಲು ಗಣನೀಯ, ಲೆಕ್ಕಕ್ಕೆ ಸೇರಿಸಬೇಕು ಅಂತ. ನಮ್ಮೂರಿನವರೇ ಹೀಗೆ ಹೇಳಿದ್ದಾರೆ ಅಂತ ಹುಡುಗಿಗೆ ಹೇಳಿದಾಗ ಅವಳ ಕಣ್ಣು ದೊಡ್ಡದಾಯಿತು.

ರಾವ್ ಅವರು ತಮ್ಮ ಅನುಮಾನವನ್ನು ಲೆಕ್ಕದ ಸಮೇತ ವಿಜ್ಞಾನಿಗಳ ಮುಂದೆ ಇಟ್ಟರು. ಯಾರು ಬೇಕಾದರೂ ಪರೀಕ್ಷಿಸಬಹುದಿತ್ತು. ಪರೀಕ್ಷೆ ಆಯಿತು ಕೂಡ. ಜಿನೀವಾದ ಕಣವಿಜ್ಞಾನ ಪ್ರಯೋಗಾಲಯ ಸರ್ನ್‌ನಲ್ಲಿ ಕ್ಲೌಡ್ ಎಂಬ ಪ್ರಯೋಗ ಶುರುವಾದದ್ದೇ ಇದನ್ನು ನೋಡಲು. ಒಂದು ದೊಡ್ಡ ಉಕ್ಕಿನ ಕೋಣೆಯೊಳಗೆ ಶುದ್ಧ ಗಾಳಿ ತುಂಬಿ, ಕಾಸ್ಮಿಕ್ ಕಿರಣದ ಬದಲಿಗೆ ಕಣಗಳ ಧಾರೆ ಹಾಯಿಸಿ, ಮೋಡದ ಬೀಜ ಎಷ್ಟು ಹುಟ್ಟುತ್ತದೆ ಅಂತ ನೋಡುತ್ತಾರೆ. ಇವತ್ತಿನ ಹವೆಯನ್ನು ಬದಲಿಸುವಷ್ಟು ಬಲ ಕಾಸ್ಮಿಕ್ ಕಿರಣದ ಏರಿಳಿತಕ್ಕೆ ಇಲ್ಲ ಅಂತ 2016ರಲ್ಲಿ ಅದರ ಫಲಿತಾಂಶ ಬಂತು. ರಾವ್ ಅವರ ಮೇಲೆ ನನ್ನ ಗೌರವ ಇದರಿಂದ ಒಂದು ಎಳ್ಳಷ್ಟೂ ಕಡಿಮೆಯಾಗಿಲ್ಲ. ಕೇಳಬೇಕಾದ ಕಡೆ ಕೇಳಿದರು, ಉತ್ತರ ಬಂತು. 1989ರ ಆ ವರದಿ ಹೋದದ್ದು ವಿಜ್ಞಾನಿಗಳ ಪರಿಶೀಲನೆಗೆ ಅಲ್ಲ, ನೇರ ಶ್ವೇತಭವನದವರ ಕಿವಿಗೆ. ನನಗೆ ನೋವಾಗುವುದು ಅಲ್ಲಿ.

ನಮ್ಮ ಬದಿಯಲ್ಲೂ ಒಂದು ಮಾತು ಹೇಳಲೇಬೇಕು. 2020ರ ಸೆಪ್ಟೆಂಬರ್ 20ರಂದು ಉಡುಪಿಗೆ ಉಡುಪಿಯೇ ನೀರಿನಲ್ಲಿ ನಿಂತಿತು. ಮರುವರ್ಷ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದು ಕಡಲು ಮನೆಬಾಗಿಲಿಗೆ ಬಂತು. ಅರಬ್ಬಿ ಸಮುದ್ರ ಬಿಸಿಯಾಗಿದೆ, ಬಿಸಿ ಕಡಲು ಚಂಡಮಾರುತಕ್ಕೆ ಬಲ ಕೊಡುತ್ತದೆ, ಇದು ನಿಜ. ಆದರೆ ಪ್ರತಿಯೊಂದಕ್ಕೂ ಗ್ಲೋಬಲ್ ವಾರ್ಮಿಂಗ್ ಅಂತ ಬೋರ್ಡು ಹಾಕುವುದನ್ನು ನಾನು ಕ್ಲಾಸಿನಲ್ಲಿ ಒಪ್ಪುವುದಿಲ್ಲ. ನಾನು ಕಡಲೆಕಾಳು ಇಟ್ಟ ಜಾಗ ಈಗ ತಡೆಗೋಡೆಯ ಕರಿಕಲ್ಲಿನ ಅಡಿಯಲ್ಲಿದೆ. ಕಡಲು ಅಷ್ಟು ಒಳಗೆ ಬಂದಿದೆ. ಇದಕ್ಕೆ ಏರುವ ಕಡಲಿನ ಪಾಲು ಇರಬಹುದು. ಅಳಿವೆಬಾಗಿಲಿನಲ್ಲಿ ಬ್ರೇಕ್‌ವಾಟರ್ ಕಟ್ಟಿದರೂ ಹೊಯ್ಗೆಯ ಓಡಾಟ ತಪ್ಪಿ ಪಕ್ಕದ ದಂಡೆ ಕರಗುತ್ತದೆ. ಹೊಳೆಯ ಹೊಯ್ಗೆ ತೆಗೆದರೂ, ಮೇಲೆ ಅಣೆಕಟ್ಟು ಕಟ್ಟಿದರೂ ಕಡಲಿಗೆ ಬರುವ ಹೊಯ್ಗೆ ಕಡಿಮೆಯಾಗುತ್ತದೆ. ಒಂದು ತುಂಡು ತೋರಿಸಿ ಉಳಿದದ್ದನ್ನು ಮುಚ್ಚಿಡುವ ತಪ್ಪನ್ನು ನಾನು ಮಾಡಬಾರದಲ್ಲ.

ಮಾವನಿಗೆ ಈಗ 84. ಪಡುಕೆರೆಯ ಮನೆಯಲ್ಲೇ ಇದ್ದಾರೆ. ಜಾಸ್ಟ್ರೋ ವಿಷಯ ಅವರಿಗೆ ಹೇಳಬೇಕೋ ಬೇಡವೋ ಅಂತ ಅಳುಕು ಇತ್ತು. ಒಂದು ಭಾನುವಾರ ಜಗಲಿಯಲ್ಲಿ ಕೂತು ಎಲ್ಲ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು. ಸ್ವಲ್ಪ ಹೊತ್ತು ಮಾತಿಲ್ಲ.

"ಹಾಗಾದರೆ ಸೂರ್ಯ ಕೊನೆಗೆ ಕೆಂಪು ದೈತ್ಯ ಆಗ್ತಾನೆ ಅಂತ ಬರೆದದ್ದು?"

"ಅದು ನಿಜ ಮಾವ. ಸುಮಾರು 500 ಕೋಟಿ ವರ್ಷಕ್ಕೆ."

"ಕಿತ್ತಳೆ ಲೆಕ್ಕ?"

"ಅದೂ ನಿಜ."

"ಮತ್ತೆ ಪುಸ್ತಕ ಕಪಾಟಿನಲ್ಲೇ ಇರಲಿ" ಅಂದರು. ನಾನು ತೆಗೆದುಬಿಡುತ್ತೇನೆ ಅಂತ ಅವರಿಗೆ ಹೆದರಿಕೆ ಇತ್ತು ಅಂತ ಆಗ ಗೊತ್ತಾಯಿತು.

ಹುಡುಗಿಗೆ ನಾನು ಉತ್ತರ ಹೇಳಿದ್ದಕ್ಕಿಂತ ಕೆಲಸ ಕೊಟ್ಟದ್ದೇ ಜಾಸ್ತಿ. ಎರಡು ಅಂಕಿಪಟ್ಟಿ ಪ್ರಿಂಟ್ ತೆಗೆದು ಕೊಟ್ಟೆ. ಒಂದು, ಬೆಲ್ಜಿಯಂನ ವೀಕ್ಷಣಾಲಯ ಇಟ್ಟಿರುವ ಸೂರ್ಯನ ಕಲೆಗಳ ಲೆಕ್ಕ. ಕಲೆ ಜಾಸ್ತಿ ಇರುವ ವರ್ಷ ಸೂರ್ಯನ ಬೆಳಕೂ ಚೂರು ಜಾಸ್ತಿ. ಇನ್ನೊಂದು, 1880ರಿಂದ ಪ್ರತಿ ವರ್ಷದ ಭೂಮಿಯ ತಾಪಮಾನ, 1951ರಿಂದ 1980ರ ಸರಾಸರಿಗಿಂತ ಎಷ್ಟು ಮೇಲೆ, ಎಷ್ಟು ಕೆಳಗೆ ಅಂತ. ಈ ಎರಡನೇ ಪಟ್ಟಿ ತಯಾರಿಸುವುದು ಜಾಸ್ಟ್ರೋ ಕಟ್ಟಿದ ಆ ಸಂಸ್ಥೆಯೇ. ಎರಡನ್ನೂ ಒಂದೇ ಗ್ರಾಫ್ ಹಾಳೆಯಲ್ಲಿ ಎಳೆದುಕೊಂಡು ಬಾ ಅಂದೆ, ಕಲೆಗಳಿಗೆ ನೀಲಿ, ತಾಪಮಾನಕ್ಕೆ ಕೆಂಪು.

ಹದಿನೈದು ದಿನ ಬಿಟ್ಟು ತಂದಳು. ನೀಲಿ ಗೆರೆ ಅಲೆಯ ಹಾಗೆ ಏಳುತ್ತಾ ಬೀಳುತ್ತಾ ಹೋಗಿದೆ. 1957ರಲ್ಲಿ ಎಲ್ಲಕ್ಕಿಂತ ಎತ್ತರ, 269. ಆಮೇಲೆ ಅಲೆಗಳು ಒಟ್ಟಾರೆ ಕುಗ್ಗುತ್ತಾ 2014ರಲ್ಲಿ 113. ಕೆಂಪು ಗೆರೆ ಶುರುವಿನಲ್ಲಿ ಸ್ವಲ್ಪ ಮೇಲೆ ಕೆಳಗೆ ಆಡಿ, 1980ರ ನಂತರ ನೀಲಿಯನ್ನು ಬಿಟ್ಟು ಹತ್ತಿಕೊಂಡು ಹೋಗಿದೆ. ಅವಳು ಶುರುವಿನ ವರ್ಷಗಳ ಅಂಕಿ ನೋಡಿ ಹಾಳೆಯ ಮೇಲಿನ ಅಂಚನ್ನು 1 ಡಿಗ್ರಿಗೆ ಇಟ್ಟುಕೊಂಡಿದ್ದಳು. 2016ಕ್ಕೆ ಬರುವಾಗ ಕೆಂಪು ಗೆರೆ ಅಂಚು ಮುಟ್ಟಿತು. 2023ಕ್ಕೆ 1.17, 2024ಕ್ಕೆ 1.28. ಹಾಳೆ ಮುಗಿದುಹೋಗಿತ್ತು. ಇನ್ನೊಂದು ಗ್ರಾಫ್ ಹಾಳೆಯಿಂದ ಎರಡು ಬೆರಳು ಅಗಲದ ತುಂಡು ಕತ್ತರಿಸಿ, ಚೌಕಗಳು ಸರಿಯಾಗಿ ಕೂಡುವ ಹಾಗೆ ಮೇಲೆ ಅಂಟಿಸಿ, ಗೆರೆಯನ್ನು ಅದರೊಳಗೆ ಎಳೆದಿದ್ದಳು.

"ಇನ್ನೂ ಸ್ವಲ್ಪ ಜಾಗ ಬಿಟ್ಟಿದ್ದೇನೆ ಟೀಚರ್, ಮುಂದಿನ ವರ್ಷಕ್ಕೆ" ಅಂದಳು.

ಆ ಹಾಳೆ ಮಡಚಿ ಮಾವನ ಪುಸ್ತಕದಲ್ಲಿ, ಸೂರ್ಯನ ಬಗ್ಗೆ ಬರುವ ಪುಟದಲ್ಲಿ ಇಟ್ಟಿದ್ದೇನೆ. ಈಗ ಪುಸ್ತಕ ಅವಳ ಮನೆಯಲ್ಲಿದೆ. ಅಂಚಿನಲ್ಲಿ ಬರೆದ ಅರ್ಥಗಳು ಅಲ್ಲಲ್ಲಿ ಅಳಿಸಿಹೋಗಿವೆ, ಓದಲು ಆಗದಿದ್ದರೆ ಕೇಳು ಅಂದಿದ್ದೇನೆ. ಕಳೆದ ವಾರ ಅವಳ ಅಣ್ಣ ರಸ್ತೆಯಲ್ಲಿ ಸಿಕ್ಕಿ, ಅಂಗಳದಲ್ಲಿ ಕಿತ್ತಳೆ ಇಟ್ಟು ಅಳೆಯುತ್ತಿದ್ದಾಳೆ ಟೀಚರ್, ಯಾರನ್ನೂ ನಡೆಯಲು ಬಿಡುವುದಿಲ್ಲ ಅಂದ.